ಬಿಸಿಲು ನಮ್ಮದು, ಕಾಗದ ಯಾರದು?

(ಬಡಾವಣೆಯ ಕನ್ನಡ ಯುವಕರ ರಾಜ್ಯೋತ್ಸವ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಸೇರಿದವನು. 1982ರ ಗೋಕಾಕ್ ಚಳವಳಿಯಲ್ಲಿ ನಮ್ಮಪ್ಪ ಟ್ರೆಡಲ್ ಮೆಷಿನ್ ತುಳಿದು ಕರಪತ್ರ ಹೊಡೆದರು. ಇಂದು ನಾನು ನಿಮ್ಮ ಕರಪತ್ರ ಹೊಡೆಯುತ್ತೇನೆ. ಕನ್ನಡದ ಬಗ್ಗೆ ಮಾತಾಡಿ ಎಂದು ಕರೆದಿದ್ದೀರಿ. ನಾನು ಮನೆಯ ತಾರಸಿ ಮೇಲಿನ ಸೋಲಾರ್ ಬಗ್ಗೆ ಮಾತಾಡುತ್ತೇನೆ. ನಗಬೇಡಿ! ಕನ್ನಡ ಬಾವುಟದ ಕಂಬದಲ್ಲಿ ಮಾತ್ರ ಇಲ್ಲ. ನಾವು ಸಹಿ ಹಾಕುವ ಕಾಗದದಲ್ಲೂ ಇರಬೇಕು.

ನಮ್ಮ ಭಾವನ ಕಥೆ ಕೇಳಿ. ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ. ತಿಂಗಳಿಗೆ 350 ಯೂನಿಟ್ ಖರ್ಚು. ಕಳೆದ ವರ್ಷ ಕೋಟು ಹಾಕಿಕೊಂಡ ಹುಡುಗನೊಬ್ಬ ಬಂದ. ಕನ್ನಡ ಬಾರದು. ಅರ್ಧ ಹಿಂದಿ, ಅರ್ಧ ಇಂಗ್ಲಿಷು. "ಇನ್ನು ಕರೆಂಟಿನ ಚಿಂತೆಯೇ ಇಲ್ಲ" ಎಂದಷ್ಟೇ ಭಾವನಿಗೆ ಅರ್ಥವಾಯಿತು. ಹದಿನಾಲ್ಕು ಪುಟದ ಇಂಗ್ಲಿಷ್ ಕರಾರಿಗೆ ಸಹಿ ಹಾಕಿ 1 ಲಕ್ಷ 90 ಸಾವಿರ ಕಟ್ಟಿದರು. ಚಿಂತೆಯೇ ಇಲ್ಲವಲ್ಲ ಎಂದು ಹಳೆಯ ಯುಪಿಎಸ್ಸನ್ನೂ ಬ್ಯಾಟರಿಯನ್ನೂ ಗುಜರಿಗೆ ಹಾಕಿದರು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಅಕ್ಕನ ಅತ್ತೆಗೆ ಉಬ್ಬಸ. ನೆಬ್ಯುಲೈಸರ್ ಹಾಕುವ ಹೊತ್ತು. ಮೇಲೆ ಬಿಸಿಲು ಸುಡುತ್ತಿದೆ, ತಾರಸಿಯಲ್ಲಿ ಆರು ಪ್ಯಾನೆಲ್ ಇದೆ, ಕೆಳಗೆ ಫ್ಯಾನೂ ತಿರುಗುತ್ತಿಲ್ಲ! ಮುದುಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಯುಪಿಎಸ್ ಇದ್ದ ಪಕ್ಕದ ಮನೆಗೆ ಎತ್ತಿಕೊಂಡು ಹೋದರು. ದೇವರ ದಯೆ, ಏನೂ ಆಗಲಿಲ್ಲ. ಸಂಜೆ ಭಾವ ಪ್ರೆಸ್ಸಿಗೆ ಬಂದು "ಮೋಸ ಹೋದೆ ಕಣಯ್ಯ" ಎಂದರು.

ನಾನು ಕರಾರು ತರಿಸಿ, ನಿಘಂಟು ಪಕ್ಕಕ್ಕಿಟ್ಟುಕೊಂಡು ಎರಡು ರಾತ್ರಿ ಓದಿದೆ. ಒಂಬತ್ತನೇ ಪುಟದಲ್ಲಿ ವಿಷಯ ಇತ್ತು. ಆರು ಪಾಯಿಂಟ್ ಅಕ್ಷರದಲ್ಲಿ! ಮದುವೆ ಕಾರ್ಡಿನಲ್ಲಿ ಸೋದರಮಾವನ ಹೆಸರು ಆ ಅಳತೆಯಲ್ಲಿ ಹಾಕಿದರೆ ನನಗೆ ಏಟು ಬೀಳುತ್ತದೆ. ಅಲ್ಲಿ ಬರೆದದ್ದಿಷ್ಟು: ಇದು ಲೈನಿಗೆ ಜೋಡಿಸುವ ಸೋಲಾರ್, ಲೈನಿನಲ್ಲಿ ಕರೆಂಟು ಇಲ್ಲದಿದ್ದರೆ ಇದೂ ನಿಂತುಬಿಡುತ್ತದೆ.

ಇದು ಮೋಸದ ಯಂತ್ರವಲ್ಲ, ತಿಳಿಯಿರಿ. 'ಆನ್-ಗ್ರಿಡ್' ಎನ್ನುವುದು ಇದನ್ನೇ. ಹಗಲು ಪ್ಯಾನೆಲ್ಲಿನ ಕರೆಂಟು ಇನ್ವರ್ಟರ್ ಮೂಲಕ ಮನೆಗೆ ಬರುತ್ತದೆ, ಮಿಕ್ಕಿದ್ದು ಲೈನಿಗೆ ಹೋಗುತ್ತದೆ, ರಾತ್ರಿ ಲೈನಿನಿಂದ ವಾಪಸ್ ಬರುತ್ತದೆ. ಎರಡನ್ನೂ ಮೀಟರ್ ಲೆಕ್ಕ ಇಡುತ್ತದೆ. ಲೈನು ಸತ್ತಾಗ ನಮ್ಮ ಪ್ಯಾನೆಲ್ ಕರೆಂಟು ಬಿಡುತ್ತಲೇ ಇದ್ದರೆ ಕಂಬ ಹತ್ತಿದ ಲೈನ್‌ಮನ್ ಪ್ರಾಣ ಹೋಗುತ್ತದೆ. ಆ ಲೈನ್‌ಮನ್ ಕೂಡ ನಮ್ಮ ಅಣ್ಣತಮ್ಮನೇ. ಆದ್ದರಿಂದಲೇ ಅದು ತಾನಾಗಿ ನಿಲ್ಲುತ್ತದೆ. ಕರೆಂಟು ಹೋದಾಗಲೂ ದೀಪ ಬೇಕೆಂದರೆ ಬ್ಯಾಟರಿ ಇರುವ 'ಹೈಬ್ರಿಡ್' ಬೇಕು. ಅದಕ್ಕೆ ದುಡ್ಡು ಹೆಚ್ಚು. ಅಥವಾ ಹಳೆಯ ಯುಪಿಎಸ್ ಉಳಿಸಿಕೊಂಡರೆ ಸಾಕು. ಈ ಎರಡು ಮಾತನ್ನು ಯಾರಾದರೂ ಕನ್ನಡದಲ್ಲಿ ಹೇಳಿದ್ದರೆ ಭಾವ ಬ್ಯಾಟರಿ ಮಾರುತ್ತಿರಲಿಲ್ಲ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನದೂ ಹೊಟ್ಟೆಪಾಡು. ಕನ್ನಡಿಗನ ದುಡ್ಡು ಬೇಕು, ಕನ್ನಡ ಬೇಡ ಎನ್ನುವ ಕಂಪನಿಯ ಮೇಲೆ ಸಿಟ್ಟು!

ಈಗ ನಿಮ್ಮ ಮನೆಗೆ ಬನ್ನಿ. ಸೋಲಾರ್ ಬೇಕೋ ಬೇಡವೋ? ಮಾರುವವನನ್ನು ಕೇಳಬೇಡಿ, ನಿಮ್ಮ ಹನ್ನೆರಡು ತಿಂಗಳ ಬಿಲ್ಲನ್ನು ಕೇಳಿ. 2023ರ ಆಗಸ್ಟ್‌ನಿಂದ ಗೃಹಜ್ಯೋತಿ ಇದೆ. ಬಳಕೆ 200 ಯೂನಿಟ್‌ನೊಳಗಿದ್ದು ಬಿಲ್ಲು ಸೊನ್ನೆ ಬರುತ್ತಿದ್ದರೆ, ದುಡ್ಡು ಉಳಿಸಲು ಸೋಲಾರ್ ಬೇಡ. ಉಳಿಯುವ ದುಡ್ಡೇ ಇಲ್ಲವಲ್ಲ! ಪ್ರತಿ ತಿಂಗಳೂ 200 ದಾಟಿ ಪೂರ್ತಿ ಬಿಲ್ಲು ಕಟ್ಟುವವರು ಮಾತ್ರ ಮುಂದಿನ ಲೆಕ್ಕ ಹಾಕಿ.

ಎರಡನೆಯದು ತಾರಸಿ. ಒಂದು ಕಿಲೋವ್ಯಾಟ್‌ಗೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು. ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನಕ್ಕೆ, ಮೂರು ಗಂಟೆಗೆ ನೀವೇ ಮೇಲೆ ಹತ್ತಿ ನೋಡಿ. ನೀರಿನ ಟ್ಯಾಂಕಿನ ನೆರಳು, ತೆಂಗಿನ ಗರಿಯ ನೆರಳು ಎಲ್ಲಿ ಬೀಳುತ್ತದೆ? ಪಕ್ಕದ ಸೈಟಿನವರು ಮೂರು ಅಂತಸ್ತು ಎಬ್ಬಿಸುವವರೇ? ಒಂದು ಪ್ಯಾನೆಲ್ಲಿನ ಮೂಲೆಗೆ ನೆರಳು ಬಿದ್ದರೂ ಸಾಲಿನಲ್ಲಿರುವ ಉಳಿದವುಗಳ ಕೆಲಸ ಕುಗ್ಗಬಹುದು. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ ಸ್ವಲ್ಪ ಇಳಿಜಾರಾಗಿರಬೇಕು. ಧೂಳು ತೊಳೆಯಲು ಕೈ ಎಟುಕಬೇಕು.

ಮೂರನೆಯದು ದುಡ್ಡು. ಬೆಂಗಳೂರಿನ ಬಿಸಿಲಿಗೆ ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಬೇಸಿಗೆಯಲ್ಲಿ ಹೆಚ್ಚು, ಮಳೆಗಾಲದಲ್ಲಿ ಕಡಿಮೆ. ಮೂರು ಕಿಲೋವ್ಯಾಟ್ ಎಂದರೆ ತಿಂಗಳಿಗೆ 350ರ ಆಸುಪಾಸು. 2025ರ ಏಪ್ರಿಲ್‌ನಲ್ಲಿ ಜಾರಿಯಾದ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಅಂದರೆ ತಿಂಗಳಿಗೆ ಎರಡು ಸಾವಿರ ಚಿಲ್ಲರೆ ಉಳಿತಾಯ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟ್‌ಗೆ 30 ಸಾವಿರ, ಎರಡಕ್ಕೆ 60 ಸಾವಿರ, ಮೂರು ಅಥವಾ ಹೆಚ್ಚಿಗೆ 78 ಸಾವಿರ ಸಬ್ಸಿಡಿ. ಭಾವನ 1 ಲಕ್ಷ 90 ಸಾವಿರದಲ್ಲಿ ಅದನ್ನು ಕಳೆದರೆ 1 ಲಕ್ಷ 12 ಸಾವಿರ. ಐದು ವರ್ಷದೊಳಗೆ ಅಸಲು ವಾಪಸ್. ಪ್ಯಾನೆಲ್ಲು ಇಪ್ಪತ್ತೈದು ವರ್ಷ ಬಾಳುವಂಥದ್ದು. ನಡುವೆ ಇನ್ವರ್ಟರ್ ಒಮ್ಮೆ ಬದಲಿಸಬೇಕಾದೀತು. ಲೆಕ್ಕ ಒಳ್ಳೆಯದೇ! ನಮ್ಮ ಭಾವ ಮಾಡಿದ್ದು ತಪ್ಪು ವ್ಯಾಪಾರವಲ್ಲ, ತಿಳಿಯದೆ ಮಾಡಿದ ವ್ಯಾಪಾರ.

ಆದರೆ ಮೂರು ಎಚ್ಚರ. ಬಿಲ್ಲಿನ ನಿಗದಿತ ಶುಲ್ಕ ಸೋಲಾರ್ ಹಾಕಿದರೂ ತಪ್ಪದು. 'ಬಿಲ್ಲೇ ಬರುವುದಿಲ್ಲ' ಎನ್ನುವವನನ್ನು ನಂಬಬೇಡಿ. ಖರ್ಚಿಗಿಂತ ದೊಡ್ಡದು ಹಾಕಿದರೆ ಮಿಕ್ಕ ಯೂನಿಟ್‌ಗೆ ಸಿಗುವ ದರ ಕಡಿಮೆ. ಸಬ್ಸಿಡಿ ಮೊದಲೇ ಸಿಗುವುದಿಲ್ಲ, ಕೆಲಸ ಮುಗಿದು ಮೀಟರ್ ಕೂತ ಮೇಲೆ ಗ್ರಾಹಕರ ಖಾತೆಗೆ ಬರುತ್ತದೆ. ಆರ್.ಆರ್. ನಂಬರ್ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿದ್ದರೆ ಮೊದಲು ಅದನ್ನು ಬದಲಿಸಿ. ಪ್ಯಾನೆಲ್ಲೂ ಅದರೊಳಗಿನ ಸೆಲ್ಲೂ ಭಾರತದಲ್ಲೇ ತಯಾರಾಗಿದ್ದರೆ ಮಾತ್ರ ಸಬ್ಸಿಡಿ, ಅದನ್ನು ಬರೆಸಿಕೊಳ್ಳಿ.

ಯಾವ ಭಾಷೆಯಲ್ಲಿ ಬರೆಸಿಕೊಳ್ಳಬೇಕು? ನಾನು ಮಾಡಿದ್ದು ಹೇಳುತ್ತೇನೆ. ನಮ್ಮ ಮನೆಗೆ ಹಾಕಿಸುವ ಮುಂಚೆ ಒಂದೇ ಹಾಳೆ ಅಚ್ಚು ಹಾಕಿದೆ, ಹನ್ನೆರಡು ಪಾಯಿಂಟ್ ಕನ್ನಡದಲ್ಲಿ. ಕರೆಂಟು ಹೋದರೆ ಇದು ನಡೆಯುತ್ತದೆಯೇ, ಇಲ್ಲವೇ? ಒಟ್ಟು ಬೆಲೆ ಎಷ್ಟು, ಅದರಲ್ಲಿ ಮೀಟರೂ ಕಂಬಿಯೂ ಸೇರಿದೆಯೇ? ಪ್ಯಾನೆಲ್ಲಿಗೆ, ಇನ್ವರ್ಟರಿಗೆ ಎಷ್ಟೆಷ್ಟು ವರ್ಷ ಗ್ಯಾರಂಟಿ? ಐದು ವರ್ಷ ನಿರ್ವಹಣೆ ಯಾರದು? ಕೆಟ್ಟರೆ ಎಷ್ಟು ದಿನದಲ್ಲಿ ಬರುತ್ತೀರಿ, ಫೋನಿನಲ್ಲಿ ಕನ್ನಡ ಮಾತಾಡುವವರು ಯಾರು? ಕೆಳಗೆ ಸಹಿ, ಮೊಹರು. ಮೂರು ಕಂಪನಿಗೆ ಕೊಟ್ಟೆ. ಇಬ್ಬರು "ನಮ್ಮಲ್ಲಿ ಹೀಗೆಲ್ಲ ಇಲ್ಲ" ಎಂದರು. "ಹಾಗಾದರೆ ನನ್ನಲ್ಲಿ ದುಡ್ಡೂ ಇಲ್ಲ" ಎಂದೆ. ಮೂರನೆಯವರು ಸಹಿ ಹಾಕಿದರು. ಕೆಲಸ ಅವರಿಗೇ ಸಿಕ್ಕಿತು.

ಇದು ಭಿಕ್ಷೆಯಲ್ಲ ಬಂಧುಗಳೇ! ಬಳಸುವ ವಿಧಾನ ನಾಡಿನ ಭಾಷೆಯಲ್ಲಿರಬೇಕು ಎಂಬುದು ಬರೀ ನನ್ನ ಹಟವಲ್ಲ. ರಾಜ್ಯದಲ್ಲಿ ತಯಾರಾಗಿ ಮಾರಾಟವಾಗುವ ವಸ್ತುಗಳ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವೇ ಹೇಳುತ್ತದೆ. ಆದರೆ ಕೇಳುವವರಿಲ್ಲದ ಕಾನೂನು ಗೋಡೆಯ ಮೇಲಿನ ಹಳೇ ಕ್ಯಾಲೆಂಡರು.

1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟು ತೆಗೆದಾಗ ಅದು ಮೊದಲು ಹೋದದ್ದು ಬ್ರಿಟಿಷ್ ಕಂಪನಿಗಳ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಶರಾವತಿಯ ಕರೆಂಟಿಗೆ ಮಲೆನಾಡಿನವರು ಮನೆಮಠ ಮುಳುಗಿಸಿಕೊಂಡರು. ಪಾವಗಡದ ರೈತರು ಸೋಲಾರ್ ಪಾರ್ಕಿಗೆ ಸಾವಿರಾರು ಎಕರೆ ಗುತ್ತಿಗೆ ಕೊಟ್ಟಿದ್ದಾರೆ. ನೀರು ನಮ್ಮದು, ನೆಲ ನಮ್ಮದು, ಬಿಸಿಲು ನಮ್ಮದು. ಕಾಗದ ಮಾತ್ರ ನಮಗೆ ಓದಲು ಬಾರದ್ದು ಎಂದರೆ ಹೇಗೆ?

ಯುವಕರೇ, ನಿಮಗೆ ಇಂಗ್ಲಿಷ್ ಬರುತ್ತದೆ, ಸಂತೋಷ. ಅದನ್ನು ನಿಮ್ಮ ಬೀದಿಯ ಅಪ್ಪ-ಅಮ್ಮಂದಿರಿಗಾಗಿ ಬಳಸಿ. ಅವರ ಕರಾರು ಓದಿ ಕನ್ನಡದಲ್ಲಿ ಹೇಳಿ. ಐಟಿಐ, ಡಿಪ್ಲೊಮಾ ಓದಿದವರು ಈ ಕೆಲಸ ಕಲಿತು ನೀವೇ ತಾರಸಿ ಹತ್ತಿ. ಕನ್ನಡದಲ್ಲಿ ವಿವರಿಸಬಲ್ಲ ಕೆಲಸಗಾರನಿಗೆ ಈ ಊರಲ್ಲಿ ಕೆಲಸಕ್ಕೆ ಬರವಿಲ್ಲ. ನನ್ನ ಹಾಳೆಯ ಇನ್ನೂರು ಪ್ರತಿ ಬಾಗಿಲ ಬಳಿ ಇಟ್ಟಿದ್ದೇನೆ. ದುಡ್ಡು ಬೇಡ, ತೆಗೆದುಕೊಂಡು ಹೋಗಿ. ಅದರಲ್ಲಿ ಸಹಿ ಬೀಳುವ ತನಕ ನಿಮ್ಮ ಮನೆಯವರ ಪೆನ್ನಿನ ಕ್ಯಾಪು ತೆಗೆಯಬೇಡಿ.

ಸಿರಿಗನ್ನಡಂ ಗೆಲ್ಗೆ!