ಹಲಗಲಿಯಿಂದ ಬೇಲಾಪುರದ ಕೋರ್ಟಿಗೆ



ಬಾಗಲಕೋಟೆ, ವಿಜಯಪುರದ ಕಡೆಯಿಂದ ಬಂದು ನವಿ ಮುಂಬೈಯ ಕೋಪರಖೈರಣೆಯಲ್ಲಿ ನೆಲೆನಿಂತವರು ಹಲಗಲಿ ಬೇಡರ ಲಾವಣಿ ಕೇಳಿರುತ್ತೀರಿ. 1857ರಲ್ಲಿ ಇಂಗ್ಲಿಷರು ಕಾಯ್ದೆ ತಂದು, ಪರವಾನಗಿ ಇಲ್ಲದ ಹತಾರಗಳನ್ನೆಲ್ಲ ಒಪ್ಪಿಸಿ ಎಂದರು. ಬೇಟೆಯನ್ನೇ ನಂಬಿದ ಬೇಡರಿಗೆ ಹತಾರ ಕೊಡುವುದೆಂದರೆ ಅನ್ನವನ್ನೂ ಮಾನವನ್ನೂ ಕೊಟ್ಟಂತೆ. ಜಡಗ, ಬಾಲರ ಮುಂದಾಳುತನದಲ್ಲಿ ಊರು ತಿರುಗಿಬಿತ್ತು. ನವೆಂಬರ್ ಕೊನೆಗೆ ಪಡೆ ನುಗ್ಗಿ ಮನೆಗಳಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ನೇಣಿಗೇರಿಸಿದರು. ಅದು ದಂಗೆಗೆ ಕೊಟ್ಟ ಶಿಕ್ಷೆ, ನಿಜ. ಆದರೆ ಕಿಡಿ ಹೊತ್ತಿದ್ದು ಮನೆಯ ಗೂಟಕ್ಕೆ ನೇತುಹಾಕಿದ್ದ ಹತಾರದಿಂದ.

ಮುಂದೆ ವೈಸರಾಯ್ ಲಿಟ್ಟನ್ ಕಾಲದಲ್ಲಿ ಬಂದ 1878ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಪರವಾನಗಿ ಇಲ್ಲದ ಬಂದೂಕಿಗೆ ಹೆಚ್ಚೆಂದರೆ ಮೂರು ವರ್ಷ ಸಜೆ. ಬರೀ ದಂಡ ಹಾಕಿಯೂ ಬಿಡಬಹುದಿತ್ತು. ಸ್ವತಂತ್ರ ಭಾರತದ ಕಾಯ್ದೆ 1959ರದು. 80ರ ದಶಕದಲ್ಲಿ ಅದಕ್ಕೆ ಕನಿಷ್ಠ ಒಂದು ವರ್ಷದ ಸಜೆ ಸೇರಿತು. 2019ರ ತಿದ್ದುಪಡಿ ಅದನ್ನು ಎರಡಕ್ಕೇರಿಸಿತು, ಗರಿಷ್ಠ ಐದು. ನಿಷೇಧಿತ ಆಯುಧವಾದರೆ ಏಳು ವರ್ಷದಿಂದ ಮೇಲಕ್ಕೆ.

ನಟ ಸಂಜಯ್ ದತ್ ಪ್ರಕರಣ ನೆನಪಿರಲಿ. ಎಕೆ-56 ಇಟ್ಟುಕೊಂಡಿದ್ದಕ್ಕೆ 2007ರಲ್ಲಿ ಆರು ವರ್ಷ. 2013ರಲ್ಲಿ ಸುಪ್ರೀಂ ಕೋರ್ಟ್ ಐದಕ್ಕಿಳಿಸಿತು. ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡಿ ಎಂಬ ಕೋರಿಕೆಯನ್ನು ಒಪ್ಪಲಿಲ್ಲ. ಅದು ಸರಿಯೆಂದೇ ನನ್ನ ಎಣಿಕೆ.

ಆದರೆ ಬೇಲಾಪುರದ ಕೋರ್ಟಿನಲ್ಲಿ ನಿಲ್ಲುವ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ವಯಸ್ಸು ಹತ್ತೊಂಬತ್ತು. ಸೊಂಟದಲ್ಲಿ ಸಿಕ್ಕಿದ್ದು ಒಂದು ಗಾವಠಿ ಕಟ್ಟಾ, ಅಂದರೆ ನಾಡ ಪಿಸ್ತೂಲು. ಪಂಚನಾಮೆಯಾಗಿ, ಬಟ್ಟೆ ಸುತ್ತಿ, ಅರಗಿನ ಮೊಹರು ಒತ್ತಿದ ಆ ತುಂಡು ಕಬ್ಬಿಣ ಮೇಜಿನ ಮೇಲಿದೆ. ಹಿಂದೆ ಯಾವ ಕೇಸೂ ಇಲ್ಲ. ಅವನನ್ನೂ ಕಟ್ಟಾ ಮಾರುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ತೀರ್ಪಿನಲ್ಲಿ ವಿಶೇಷ ಕಾರಣ ಬರೆದು ಕನಿಷ್ಠಕ್ಕಿಂತ ಕಡಿಮೆ ಸಜೆ ಕೊಡಲು ಕಾಯ್ದೆಯಲ್ಲೇ ದಾರಿ ಇದೆ. ಇಪ್ಪತ್ತೊಂದರೊಳಗಿನವರನ್ನು ಆದಷ್ಟು ಜೈಲಿಗೆ ಕಳಿಸಬೇಡಿ ಎಂಬುದು 1958ರ ಪ್ರೊಬೇಷನ್ ಕಾಯ್ದೆಯ ಆಶಯ. ಮನೆಯವರು ಹುಡುಗನ ವಯಸ್ಸು, ಓದು, ಕೆಲಸದ ದಾಖಲೆಗಳನ್ನು ತಡಮಾಡದೆ ವಕೀಲರ ಕೈಗೆ ಕೊಡಬೇಕು.

ಹುಡುಗರಿಗೊಂದು ಮಾತು. "ಎರಡು ದಿನ ನಿನ್ನ ಹತ್ರ ಇರಲಿ" ಎಂದು ಗೆಳೆಯ ಕೊಟ್ಟ ಚೀಲದಲ್ಲಿ ಕಟ್ಟಾ ಇದೆಯೆಂದು ತಿಳಿದೂ ಇಟ್ಟುಕೊಂಡರೆ, ಕಾನೂನಿನ ಕಣ್ಣಿಗೆ ಅದು ನಿಮ್ಮದೇ. ಆ ಚೀಲ ಮುಟ್ಟಬೇಡಿ.