ಪುಸ್ತಕವಾದರೆ ಸರಿ, ಫ್ಲಾಪಿಯಾದರೆ ಶಸ್ತ್ರ!

(ಗ್ರಂಥಾಲಯವೊಂದರ ಓದುಗರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಗ್ರಂಥಾಲಯದಲ್ಲಿ ನಿಂತು ಕಂಪ್ಯೂಟರಿನ ಬೀಗದ ಬಗ್ಗೆ ಮಾತಾಡುತ್ತೇನೆಂದರೆ ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಈ ಕಥೆಯಲ್ಲಿ ಒಂದು ಪುಸ್ತಕವೂ ಬರುತ್ತದೆ.

ಚಿಕ್ಕಂದಿನಲ್ಲಿ ನಮ್ಮಲ್ಲಿ ಅನೇಕರು ‘ಕ’ ಭಾಷೆ ಆಡಿದವರೇ. ಪ್ರತಿ ಅಕ್ಷರದ ಹಿಂದೆ ಒಂದು ‘ಕ’ ಸೇರಿಸಿ ‘ಕನೀಕನು ಕಬಾ’ ಎಂದರೆ ದೊಡ್ಡವರಿಗೆ ತಿಳಿಯದೆಂಬ ಭ್ರಮೆ. ವಾತ್ಸ್ಯಾಯನ ಹೇಳಿದ 64 ಕಲೆಗಳಲ್ಲಿ ‘ಮ್ಲೇಚ್ಛಿತ ವಿಕಲ್ಪ’ವೆಂಬ ಗೂಢಭಾಷೆಯೂ ಒಂದು. ಇಂಥ ಗುಟ್ಟುಗಳಿಗೆಲ್ಲ ಒಂದೇ ತೊಡಕು: ಬರೆಯುವವನಿಗೂ ಓದುವವನಿಗೂ ಒಂದೇ ಬೀಗದ ಕೈ ಬೇಕು. ದೂರದ ಊರಿನವನಿಗೆ ಆ ಕೈಯನ್ನು ತಲಪಿಸುವುದು ಹೇಗೆ? ದಾರಿಯಲ್ಲಿ ಅದನ್ನೇ ಯಾರಾದರೂ ಲಪಟಾಯಿಸಿದರೆ?

1976ರಲ್ಲಿ ಅಮೆರಿಕದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಇದಕ್ಕೊಂದು ದಾರಿ ತೋರಿಸಿದರು. ನಾನು ತೆರೆದ ಬೀಗಗಳನ್ನು ಊರಿಗೆಲ್ಲ ಹಂಚುತ್ತೇನೆ, ಬೀಗದ ಕೈ ಮಾತ್ರ ನನ್ನ ಜೇಬಿನಲ್ಲಿರುತ್ತದೆ ಎಂದುಕೊಳ್ಳಿ. ನೀವು ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ನನ್ನ ಬೀಗ ಒತ್ತಿದಿರೋ, ಮತ್ತೆ ತೆರೆಯಲು ನಿಮಗೂ ಆಗದು. ಮರುವರ್ಷ ರಿವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬ ಮೂವರು ಇದಕ್ಕೆ ತಕ್ಕ ಗಣಿತ ಕೊಟ್ಟರು. 89ನ್ನು 97ರಿಂದ ಗುಣಿಸು ಎಂದರೆ ಹೈಸ್ಕೂಲ್ ಹುಡುಗ 8,633 ಎಂದು ಬರೆದುಕೊಡುತ್ತಾನೆ. 8,633 ಯಾವ ಎರಡು ಸಂಖ್ಯೆಗಳ ಗುಣಲಬ್ಧ ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾನೆ. 600 ಅಂಕೆಗಳ ಅಂಥ ಸಂಖ್ಯೆ ಕೊಟ್ಟರೆ ಇಂದಿನ ದೈತ್ಯ ಕಂಪ್ಯೂಟರುಗಳೂ ಕೈಚೆಲ್ಲುತ್ತವೆ. (ಬ್ರಿಟನ್ನಿನ ಗುಪ್ತಚರ ಸಂಸ್ಥೆಯೊಳಗೆ ಈ ಗಣಿತ 1973ರಲ್ಲೇ ಗೊತ್ತಿತ್ತು, 1997ರವರೆಗೆ ಅವರು ಬಾಯಿ ಬಿಡಲಿಲ್ಲ!)

ಇನ್ನು ಪುಸ್ತಕದ ಕಥೆ. 1991ರ ಜೂನ್‌ನಲ್ಲಿ ಕೊಲೊರಾಡೊದ ಫಿಲಿಪ್ ಜಿಮ್ಮರ್‌ಮನ್ ಎಂಬ ಅಣ್ವಸ್ತ್ರ ವಿರೋಧಿ ಚಳವಳಿಗಾರ, ಸಾಮಾನ್ಯರೂ ತಮ್ಮ ಕಂಪ್ಯೂಟರಿನಲ್ಲಿ ಬಳಸಬಹುದಾದ ಇಂಥದೊಂದು ತಂತ್ರಾಂಶ ಬರೆದು ಬಿಟ್ಟಿಯಾಗಿ ಹಂಚಿದ. ಅದರ ಹೆಸರು ‘ಪ್ರೆಟಿ ಗುಡ್ ಪ್ರೈವಸಿ’, ಚಿಕ್ಕದಾಗಿ ಪಿಜಿಪಿ. ಇಂಟರ್‌ನೆಟ್ಟಿನಲ್ಲಿ ಅದು ಬೇಗನೆ ದೇಶದ ಗಡಿ ದಾಟಿತು. ಅಮೆರಿಕದ ಕಾನೂನಿನಲ್ಲಿ ಬಲವಾದ ಗೂಢಲಿಪಿ ತಂತ್ರಾಂಶ ಟ್ಯಾಂಕು, ಫಿರಂಗಿಗಳ ಜತೆ ಶಸ್ತ್ರಾಸ್ತ್ರಗಳ ಪಟ್ಟಿಯಲ್ಲಿತ್ತು. 1993ರಲ್ಲಿ ಜಿಮ್ಮರ್‌ಮನ್ ವಿರುದ್ಧ ತನಿಖೆ ಶುರುವಾಯಿತು.

ಆಗಲೇ ನಡೆದ ತಮಾಷೆ ಕೇಳಿ. 1994ರಲ್ಲಿ ಫಿಲ್ ಕಾರ್ನ್ ಎಂಬ ಎಂಜಿನಿಯರ್, ಗೂಢಲಿಪಿಯ ಪಠ್ಯಪುಸ್ತಕವೊಂದನ್ನು ವಿದೇಶಕ್ಕೆ ಕಳಿಸಬಹುದೇ ಎಂದು ಸರಕಾರವನ್ನು ಕೇಳಿದ. ಧಾರಾಳವಾಗಿ, ಎಂದಿತು ಉತ್ತರ. ಅದೇ ಪುಸ್ತಕದಲ್ಲಿ ಅಚ್ಚಾದ ಸಾಲುಗಳನ್ನು ಫ್ಲಾಪಿಯಲ್ಲಿ ಕಳಿಸಬಹುದೇ ಎಂದಾಗ, ಕೂಡದು, ಅದು ಶಸ್ತ್ರ! ಈ ಸಂದಿನಲ್ಲೇ 1995ರಲ್ಲಿ ಎಂಐಟಿ ಪ್ರೆಸ್ ಪಿಜಿಪಿಯ ಸಾಲುಗಳನ್ನೆಲ್ಲ ದಪ್ಪ ಪುಸ್ತಕವಾಗಿ ಅಚ್ಚು ಹಾಕಿತು. ಯಂತ್ರವೂ ಓದಬಲ್ಲ ಅಕ್ಷರಗಳಲ್ಲಿ. 1996ರ ಜನವರಿಯಲ್ಲಿ ಆರೋಪಪಟ್ಟಿ ಸಲ್ಲಿಸದೆಯೇ ತನಿಖೆ ಮುಗಿಯಿತು. 2000ದಲ್ಲಿ ರಫ್ತಿನ ನಿಯಮಗಳೇ ಸಡಿಲವಾದವು.

ಸರಕಾರದ ಅಳುಕು ಸುಳ್ಳೆನ್ನಲಾರೆ. ಬೀಗ ಸಜ್ಜನನಿಗೂ ಒಂದೇ, ಅಪಹರಣಕಾರನಿಗೂ ಒಂದೇ. ಹಾಗಾದರೆ ಪೊಲೀಸರ ಬಳಿ ಇನ್ನೊಂದು ಕೈ ಇರಲಿ ಎನ್ನುವವರಿಗೆ ಗ್ರೀಸಿನ ಪ್ರಸಂಗ ಹೇಳಬೇಕು. ಅಲ್ಲಿನ ಮೊಬೈಲ್ ಕಂಪನಿಯೊಂದರ ಯಂತ್ರಗಳಲ್ಲಿ, ಕಾನೂನುಬದ್ಧ ಕದ್ದಾಲಿಕೆಗೆಂದೇ ಮಾಡಿದ ವ್ಯವಸ್ಥೆಯಿತ್ತು. 2004-05ರಲ್ಲಿ ಯಾರೋ ಅದರೊಳಗೆ ನುಸುಳಿ ನೂರಕ್ಕೂ ಹೆಚ್ಚು ಫೋನುಗಳನ್ನು ತಿಂಗಳುಗಟ್ಟಲೆ ಕದ್ದು ಕೇಳಿದರು. ಅದರಲ್ಲಿ ಪ್ರಧಾನಿ ಕರಮನ್ಲಿಸ್ ಅವರ ಫೋನೂ ಇತ್ತು! ಇನ್ನೊಂದು ಕೈ ಪೊಲೀಸರ ಬಳಿ ಮಾತ್ರ ಇರುತ್ತದೆಂಬ ನಂಬಿಕೆ ನನಗಂತೂ ಇಲ್ಲ.

ನಮ್ಮ ದೇಶದಲ್ಲಿ, 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಮಿನಂತೆ, ಅಧಿಕಾರಿಗಳು ಕೇಳಿದಾಗ ಬೀಗ ಬಿಡಿಸಲು ನೆರವಾಗದವರಿಗೆ 7 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಆದರೆ 2016ರಿಂದ ವಾಟ್ಸ್ಆ್ಯಪ್ ಸಂದೇಶಗಳ ಬೀಗದ ಕೈ ಇರುವುದು ಕಳಿಸಿದವರ ಮತ್ತು ಪಡೆದವರ ಫೋನುಗಳಲ್ಲಿ. ಕಂಪನಿಯ ಬಳಿ ಇಲ್ಲ. ಬೇಕಾದಾಗ ಸಂದೇಶವನ್ನು ಮೊದಲು ಕಳಿಸಿದವರು ಯಾರೆಂದು ತಿಳಿಸಬೇಕೆಂದು ಕೇಂದ್ರ ಸರಕಾರ 2021ರಲ್ಲಿ ನಿಯಮ ಮಾಡಿತು. ಹಾಗೆ ಮಾಡಬೇಕಾದರೆ ಬೀಗವನ್ನೇ ಮುರಿಯಬೇಕಾಗುತ್ತದೆ ಎಂದು ಕಂಪನಿ ಆ ವರ್ಷದ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು.