ಟ್ಯಾಂಕರಿನ ಹೊಟ್ಟೆಯೊಳಗೆ

ಹೆದ್ದಾರಿ ಪಕ್ಕದಲ್ಲಿ ಹಳೆಯ ಪೆಟ್ರೋಲ್ ಟ್ಯಾಂಕರೊಂದು ನಿಂತಿದೆ. ಗಾಜಿನ ಮೇಲೆ ‘ಮಾರಾಟಕ್ಕಿದೆ’ ಎಂಬ ಚೀಟಿ. ನಾವು ಕೊಳ್ಳುವವರಲ್ಲ, ಆದರೂ ಬನ್ನಿ ಮಕ್ಕಳೇ, ಒಂದು ಸುತ್ತು ನೋಡಿಕೊಂಡು ಬರೋಣ. ನೆತ್ತಿಯ ಮೇಲೆ ಸಾಲಾಗಿ ಮುಚ್ಚಳಗಳಿವೆ, ಎಣಿಸಿ. ಒಂದು, ಎರಡು, ಮೂರು! ಒಂದೇ ಹೊಟ್ಟೆಗೆ ಮೂರು ಬಾಯಿ ಯಾಕೆ?

ಮೊದಲು ನಿಮ್ಮ ಶಾಲೆಯ ನೀರಿನ ಬಾಟಲಿ ತನ್ನಿ. ಕಂಠದವರೆಗೆ ತುಂಬಿ, ಮುಚ್ಚಿ, ಅಲ್ಲಾಡಿಸಿ. ಸದ್ದೇ ಇಲ್ಲ. ಅರ್ಧ ಕುಡಿದು ಅಲ್ಲಾಡಿಸಿ. ಗುಳುಗುಳು! ‘ತುಂಬಿದ ಕೊಡ ತುಳುಕುವುದಿಲ್ಲ’ ಎಂಬ ಗಾದೆಯೊಳಗೆ ಎಂಥ ಚೆಂದದ ವಿಜ್ಞಾನವಿದೆ ನೋಡಿ.

ಟ್ಯಾಂಕರನ್ನು ಪೂರ್ತಿ ತುಂಬುವ ಹಾಗಿಲ್ಲ. ಬಿಸಿಲಿಗೆ ಪೆಟ್ರೋಲ್ ಹಿಗ್ಗುತ್ತದೆ, ಅದಕ್ಕೊಂದಿಷ್ಟು ಜಾಗ ಬಿಡಬೇಕು. 12,000 ಲೀಟರ್ ಪೆಟ್ರೋಲ್ ಸುಮಾರು 9 ಟನ್, ಅಂದರೆ ಎರಡು ದೊಡ್ಡ ಆನೆಗಳ ತೂಕ. ಚಾಲಕರು ಬ್ರೇಕ್ ಒತ್ತಿದರೆ ಲಾರಿ ನಿಲ್ಲುತ್ತದೆ, ಒಳಗಿನ ಆನೆಗಳು ನಿಲ್ಲುವುದಿಲ್ಲ. ಬಸ್ಸು ತಟ್ಟನೆ ನಿಂತಾಗ ನಾವು ಮುಗ್ಗರಿಸುತ್ತೇವಲ್ಲ, ಹಾಗೆಯೇ ಮುಂದಕ್ಕೆ ನುಗ್ಗುತ್ತವೆ.

ಅದಕ್ಕೇ ಹೊಟ್ಟೆಯೊಳಗೆ ಅಡ್ಡಗೋಡೆ ಕಟ್ಟಿ ಕೋಣೆಗಳನ್ನು ಮಾಡಿದ್ದಾರೆ. ಒಂದೊಂದು ಕೋಣೆಗೆ ಒಂದೊಂದು ಬಾಯಿ. ಕೋಣೆ ದೊಡ್ಡದಾದರೆ ನಡುವೆ ಇನ್ನೊಂದು ಗೋಡೆ, ಇದಕ್ಕೆ ಮಾತ್ರ ದೊಡ್ಡ ದೊಡ್ಡ ತೂತುಗಳು. ಓಡಿ ಬಂದ ಅಲೆ ಈ ಗೋಡೆಗೆ ಬಡಿದು, ಒಡೆದು, ತೂತುಗಳಲ್ಲಿ ನುಸುಳುವಷ್ಟರಲ್ಲಿ ಸುಸ್ತಾಗಿಬಿಡುತ್ತದೆ. ನಮ್ಮಜ್ಜಿ ಬಾವಿಯಿಂದ ನೀರು ತರುವಾಗ ಕೊಡದೊಳಗೆ ನಾಲ್ಕು ಮಾವಿನೆಲೆ ಹಾಕುತ್ತಿದ್ದರು. ಎಲೆ ತಡೆದರೆ ನೀರು ತುಳುಕದು. ಟ್ಯಾಂಕರಿನ ತೂತುಗೋಡೆ ನನಗೆ ಯಾವಾಗಲೂ ಆ ಎಲೆಗಳನ್ನೇ ನೆನಪಿಸುತ್ತದೆ.

ಈ ಹಳೆಯ ಟ್ಯಾಂಕರ್ ಈಗ ಖಾಲಿ. ಆದರೆ ಅಡುಗೆಮನೆಯ ಇಂಗಿನ ಡಬ್ಬಿ ಖಾಲಿಯಾದರೂ ಘಮ್ಮೆನ್ನುವುದಿಲ್ಲವೇ? ಇದರೊಳಗೂ ಪೆಟ್ರೋಲಿನ ಆವಿ ಉಳಿದಿರುತ್ತದೆ. ಉರಿಯುವುದು ಆ ಆವಿಯೇ, ಅದೂ ಗಾಳಿಯೊಡನೆ ಬೆರೆತಾಗ. ಹಾಗಾಗಿ ತುಂಬಿದ ಟ್ಯಾಂಕರಿಗಿಂತ ಖಾಲಿ ಟ್ಯಾಂಕರಿಗೇ ದೊಡ್ಡವರು ಹೆಚ್ಚು ಹೆದರುತ್ತಾರೆ. ಒಳಗೆಲ್ಲ ಚೆನ್ನಾಗಿ ತೊಳೆದು, ಆವಿ ಓಡಿಸಿ, ಪರೀಕ್ಷೆ ಮಾಡದೆ ವೆಲ್ಡಿಂಗ್ ಕೆಲಸಕ್ಕೆ ಕೈಹಾಕುವುದಿಲ್ಲ.

ನಾವು ದೂರದಿಂದಲೇ ನೋಡೋಣ. ಹಿಂದುಗಡೆ ಮಾಸಿದ ಅಂಕಿಗಳಿವೆ, ಓದಿ: 1203. ಅದು ಪೆಟ್ರೋಲಿನ ಗುರುತು, ಅನೇಕ ದೇಶಗಳಲ್ಲಿ ಒಂದೇ. ಡೀಸೆಲ್ಲಿಗೆ 1202. ನಾಳೆ ಶಾಲೆಗೆ ಹೋಗುವಾಗ ಟ್ಯಾಂಕರ್ ಎದುರಾದರೆ ಅಂಕಿ ಹುಡುಕಿ. ಹೊಟ್ಟೆಯೊಳಗೆ ಏನಿದೆಯೆಂದು ರಸ್ತೆಬದಿಯಲ್ಲೇ ನಿಂತು ಹೇಳಿಬಿಡಬಹುದು.